26ನೇ ವಯಸ್ಸಿಗೆ ಬಿಪಿ ಯಾಕೆ ಬಂತು? ಸ್ಕ್ಯಾನ್‌ಗೆ ಮೊದಲು ಎರಡೂ ಕೈ ನೋಡಿಸಿ



ಈ ಸರಣಿ ಓದುವ ಹಲವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಡಾಕ್ಟ್ರೇ, ವರ್ಷಕ್ಕೊಮ್ಮೆ ಫುಲ್ ಬಾಡಿ ಪ್ಯಾಕೇಜ್ ಮಾಡಿಸಿಬಿಟ್ಟರೆ ಅಪರೂಪದ ಹೃದಯದ ಕಾಯಿಲೆಯೂ ಸಿಕ್ಕಿಬೀಳುತ್ತದಲ್ಲವೇ?" ಸಿಕ್ಕಿಬೀಳುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ. ಯಾಕೆ ಎಂದು ಹೇಳಲು ನಾನೇ ಎಡವಿದ ಒಂದು ಕೇಸ್ ಹೇಳುತ್ತೇನೆ. ರೋಗಿಯ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಮುಂಬೈಯಲ್ಲಿ ನೆಲೆಸಿದ ನಮ್ಮ ಕಡೆಯದೇ ಕುಟುಂಬ. ಮಗಳಿಗೆ 26 ವರ್ಷ, ಆಫೀಸ್ ಕೆಲಸ, ದಿನಾ ಲೋಕಲ್ ಟ್ರೇನ್. ಬಿಪಿ 170/100. ನನ್ನ ಹತ್ತಿರ ಬರುವಷ್ಟರಲ್ಲಿ ಎರಡು ಥರದ ಮಾತ್ರೆ ನುಂಗುತ್ತಿದ್ದಳು. ನಾನು ಇಸಿಜಿ ಮಾಡಿಸಿದೆ, ಎಕೋ ಮಾಡಿದೆ. ಹೃದಯದ ಗೋಡೆ ಸ್ವಲ್ಪ ದಪ್ಪ, ಉಳಿದದ್ದೆಲ್ಲ ನಾರ್ಮಲ್. "ಟೆನ್ಶನ್ ಕಡಿಮೆ ಮಾಡಿಕೊಳ್ಳಮ್ಮ, ಉಪ್ಪಿನಕಾಯಿ ಬಿಡು" ಎಂದು ಮೂರನೇ ಮಾತ್ರೆ ಬರೆದು ಕಳಿಸಿದೆ. ಆ ದಿನ ಹೊರಗೆ ಬಹಳ ಜನ ಕಾದಿದ್ದರು. ಅದು ನೆಪ ಅಷ್ಟೇ.

ಮೂರು ತಿಂಗಳಾದ ಮೇಲೆ ತಾಯಿಯೂ ಜೊತೆಗೆ ಬಂದರು. ಬಿಪಿ ಇಳಿದಿರಲಿಲ್ಲ. ಎದ್ದು ಹೋಗುವಾಗ ತಾಯಿ ಬಾಗಿಲ ಹತ್ತಿರ ನಿಂತು, "ಜಡೆ ಹೆಣೆದುಕೊಳ್ಳುವಾಗ ಇವಳ ಎಡಗೈ ಸೋತು ಬೀಳತದ ಡಾಕ್ಟ್ರೇ. ಆ ಕೈಗೆ ಬಿಪಿ ಮಷೀನ್ ಹಾಕಿದರ ಎರರ್ ಅಂತ ತೋರಸತದ, ಮಷೀನ್ ಸರಿ ಇಲ್ಲ ಅಂತಾರ ನರ್ಸ್" ಅಂದರು.

ಮಷೀನ್ ಸರಿಯಾಗಿಯೇ ಇತ್ತು. ಕೂರಿಸಿ ಮತ್ತೆ ನೋಡಿದೆ. ಬಲಗೈಯಲ್ಲಿ 176, ಎಡಗೈಯಲ್ಲಿ 110. ಎಡ ಮಣಿಕಟ್ಟಿನ ನಾಡಿ ಬೆರಳಿಗೆ ಸಿಗುತ್ತದೋ ಇಲ್ಲವೋ ಎಂಬಷ್ಟು ಕ್ಷೀಣ. ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಸುಯ್ ಸುಯ್ ಎಂಬ ಸದ್ದು. ಇದಕ್ಕೆಲ್ಲ ಐದು ನಿಮಿಷವೂ ಬೇಕಾಗಲಿಲ್ಲ. ಮೊದಲ ಭೇಟಿಯಲ್ಲಿ ಆ ಐದು ನಿಮಿಷ ನಾನು ಕೊಟ್ಟಿರಲಿಲ್ಲ.

ಆಮೇಲೆ ಕುತ್ತಿಗೆಯಿಂದ ತೊಡೆಸಂದಿಯವರೆಗೆ ಸಿಟಿ ಆಂಜಿಯೋಗ್ರಾಂ ಮಾಡಿಸಿದೆ. ಎಡಗೈಗೆ ಹೋಗುವ ರಕ್ತನಾಳ ಕಿರಿದಾಗಿತ್ತು. ಬಲ ಕಿಡ್ನಿಗೆ ಹೋಗುವುದಂತೂ ದಾರದ ಎಳೆಯಷ್ಟು. ಮಹಾಪಧಮನಿಯ ಗೋಡೆ ಸುತ್ತಲೂ ದಪ್ಪಗಾಗಿತ್ತು. ಕಾಯಿಲೆಯ ಹೆಸರು ತಕಯಾಸು ಆರ್ಟರೈಟಿಸ್.

ಹೆಸರು ಜಪಾನಿನ ಕಣ್ಣಿನ ಡಾಕ್ಟರ್ ಮಿಕಿಟೊ ತಕಯಾಸು ಅವರದು. 1908ರಲ್ಲಿ ಅವರು 21 ವರ್ಷದ ಹೆಣ್ಣುಮಗಳೊಬ್ಬಳ ಕಣ್ಣಿನೊಳಗೆ ರಕ್ತನಾಳಗಳು ವಿಚಿತ್ರವಾಗಿ ಹೆಣೆದುಕೊಂಡಿರುವುದನ್ನು ವರದಿ ಮಾಡಿದರು. ತಮ್ಮಲ್ಲಿಯ ಇಂಥದೇ ರೋಗಿಗಳಿಗೆ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲ ಎಂದು ಆಗ ಬೇರೆ ಇಬ್ಬರು ಡಾಕ್ಟರುಗಳೂ ಹೇಳಿದರು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಅವರು ಬೆರಳಿನಿಂದ ಗುರುತಿಸಿದ್ದನ್ನು ನಾನು ಎಕೋ ಮಷೀನ್ ಪಕ್ಕದಲ್ಲಿಟ್ಟುಕೊಂಡು ತಪ್ಪಿಸಿಕೊಂಡಿದ್ದೆ.

ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದೊಡ್ಡ ರಕ್ತನಾಳಗಳ ಗೋಡೆಯ ಮೇಲೆ ದಾಳಿ ಮಾಡುತ್ತದೆ. ಗೋಡೆ ಊದಿ, ದಪ್ಪವಾಗಿ, ಒಳಗಿನ ದಾರಿ ಕಿರಿದಾಗುತ್ತದೆ. ಕೆಲವರಲ್ಲಿ ಉಲ್ಟಾ, ನಾಳ ಬಲೂನಿನಂತೆ ಉಬ್ಬುತ್ತದೆ. ಹೆಚ್ಚಿನ ರೋಗಿಗಳು 40 ವರ್ಷದೊಳಗಿನ ಹೆಣ್ಣುಮಕ್ಕಳು. ಜಪಾನಿನಲ್ಲಿ ಕುತ್ತಿಗೆ, ಕೈಗಳ ನಾಳಗಳಿಗೆ ಇದು ಹೆಚ್ಚು ತಗುಲಿದರೆ ನಮ್ಮ ದೇಶದಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿ ಮತ್ತು ಕಿಡ್ನಿಯ ನಾಳಗಳಿಗೆ ಹೆಚ್ಚು. ಕಿಡ್ನಿಗೆ ರಕ್ತ ಕಡಿಮೆಯಾದರೆ ಅದು "ನನಗೆ ಸಾಲುತ್ತಿಲ್ಲ" ಎಂದು ಹಾರ್ಮೋನ್ ಬಿಟ್ಟು ಇಡೀ ದೇಹದ ಬಿಪಿ ಏರಿಸುತ್ತದೆ. ಆದ್ದರಿಂದ ನಮ್ಮಲ್ಲಿ ಈ ಕಾಯಿಲೆ ಬಹಳ ಸಲ ಬರೀ 'ಬಿಪಿ' ಎಂಬ ವೇಷದಲ್ಲಿ ಬರುತ್ತದೆ.

ಹಾಗಾದರೆ ಎಕೋ ಯಾಕೆ ಹಿಡಿಯಲಿಲ್ಲ? ಎಕೋ ನೋಡುವುದು ಹೃದಯವನ್ನು. ಮಹಾಪಧಮನಿಯ ಕೆಲವು ತುಣುಕುಗಳು ಮಾತ್ರ ಅದಕ್ಕೆ ಕಾಣುತ್ತವೆ. ಹೃದಯದ ರಕ್ತನಾಳಗಳಿಗೆ ಮಾಡುವ ಸಿಟಿ ಆಂಜಿಯೋಗ್ರಾಂ ಎದೆಯಲ್ಲೇ ನಿಲ್ಲುತ್ತದೆ, ಕಿಡ್ನಿಯವರೆಗೆ ಇಳಿಯುವುದಿಲ್ಲ. ಪ್ಯಾಕೇಜಿನ ಹೊಟ್ಟೆ ಸೋನೋಗ್ರಫಿ ಮಾಡುವವರು ಲಿವರ್, ಪಿತ್ತಕೋಶದ ಕಲ್ಲು ನೋಡುತ್ತಾರೆ. ಯಾರೂ ಕೇಳದೆ ಕಿಡ್ನಿ ನಾಳದ ಡಾಪ್ಲರ್ ಮಾಡುವುದಿಲ್ಲ. ಇಷ್ಟನ್ನೂ ಮಾಡಿಸಿ, ಎಲ್ಲ ರಿಪೋರ್ಟ್ ನಾರ್ಮಲ್ ಬಂದು, ಆ ಹುಡುಗಿ ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು. ನನಗೆ ಪ್ಯಾಕೇಜುಗಳ ಮೇಲೆ ಸಿಟ್ಟು ಬರುವುದು ದುಡ್ಡಿಗಾಗಿ ಅಲ್ಲ, ಅವು ಕೊಡುವ ಈ ಸುಳ್ಳು ಧೈರ್ಯಕ್ಕಾಗಿ.

ಸರಿಯಾದ ಅನುಮಾನ ಇಟ್ಟುಕೊಂಡು ಕಳಿಸಿದರೆ ಇದೇ ಯಂತ್ರಗಳು ಅದ್ಭುತ ಕೆಲಸ ಮಾಡುತ್ತವೆ. ಕುತ್ತಿಗೆಯ ಡಾಪ್ಲರ್‌ನಲ್ಲಿ ನಾಳದ ಗೋಡೆ ಸುತ್ತಲೂ ಸಮನಾಗಿ ದಪ್ಪಗಾಗಿ ಮ್ಯಾಕರೋನಿಯಂತೆ ಕಾಣುತ್ತದೆ. ನಾವು ಅದಕ್ಕೆ ಮ್ಯಾಕರೋನಿ ಚಿಹ್ನೆ ಎಂದೇ ಕರೆಯುತ್ತೇವೆ. ಎಂಆರ್‌ಐಯಲ್ಲಿ ಎಕ್ಸ್‌ರೇ ವಿಕಿರಣವಿಲ್ಲ, ಗೋಡೆಯ ಊತವೂ ಕಾಣುತ್ತದೆ. ಯುರೋಪಿನ ಸಂಧಿವಾತ ತಜ್ಞರ ಸಂಘ 2018ರಲ್ಲಿ ಈ ಕಾಯಿಲೆಗೆ ಮೊದಲು ಎಂಆರ್‌ಐ ಮಾಡಿ ಎಂದು ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ. ವರ್ಷಗಟ್ಟಲೆ ಮತ್ತೆ ಮತ್ತೆ ನೋಡಬೇಕಾದ ಹರೆಯದ ಹೆಣ್ಣುಮಕ್ಕಳಿಗೆ ವಿಕಿರಣ ಉಳಿಸುವುದು ಸಣ್ಣ ವಿಷಯವಲ್ಲ. ನಾನು ಸಿಟಿ ಆರಿಸಿದ್ದು ಬೇಗ ಉತ್ತರ ಬೇಕಿತ್ತು ಎಂದು. ಸಿಟಿಗೆ ಮುಂಚೆ ಗರ್ಭಿಣಿಯಲ್ಲ ಎಂದು ಖಾತ್ರಿ ಮಾಡಿಕೊಂಡು, ಕ್ರಿಯಾಟಿನಿನ್ ನೋಡಿಕೊಂಡೆ.

ಅವಳ ಇಎಸ್‌ಆರ್ ನಾರ್ಮಲ್ ಇತ್ತು. ಇದೂ ಮೋಸ ಮಾಡುತ್ತದೆ. ಕಾಯಿಲೆ ಒಳಗೆ ಉರಿಯುತ್ತಿದ್ದರೂ ಕೆಲವರಲ್ಲಿ ರಕ್ತದ ರಿಪೋರ್ಟ್ ಏನೂ ಹೇಳುವುದಿಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಮಹಾಪಧಮನಿಯ ಗೋಡೆ ಹೊಳೆಯಿತು, ಅಂದರೆ ಉರಿಯೂತ ಇನ್ನೂ ಜೀವಂತ. ಆಗ ಸ್ಟೆಂಟ್ ಹಾಕಲು ಆತುರಪಡಬಾರದು. ಉರಿಯುತ್ತಿರುವ ನಾಳವನ್ನು ಬಲೂನಿನಿಂದ ಹಿಗ್ಗಿಸಿದರೆ ಮತ್ತೆ ಮುಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು. ರುಮಟಾಲಜಿಸ್ಟ್ ಸ್ಟೀರಾಯ್ಡ್ ಮತ್ತು ಮೆಥೋಟ್ರೆಕ್ಸೇಟ್ ಶುರು ಮಾಡಿದರು. ಉರಿ ಶಾಂತವಾದ ಮೇಲೆ ಕಿಡ್ನಿಯ ನಾಳಕ್ಕೆ ಬಲೂನ್ ಮಾಡಿದೆವು. ಈಗ ಬಿಪಿಗೆ ಒಂದೇ ಮಾತ್ರೆ.

ನೀವು ಮಾಡಬೇಕಾದದ್ದು ಇಷ್ಟು. ಮನೆಯಲ್ಲಿ 40ರೊಳಗಿನ ಯಾರಿಗಾದರೂ ಬಿಪಿ ಬಂದಿದ್ದರೆ "ಯಾಕೆ ಬಂತು" ಎಂದು ಡಾಕ್ಟರನ್ನು ಕೇಳಿ, ಸಂಕೋಚ ಬೇಡ. ಎರಡೂ ಕೈಯಲ್ಲಿ ಬಿಪಿ ನೋಡಿಸಿ, ಒಂದು ಕಾಲಲ್ಲೂ ನೋಡಿಸಿ. ಕಾಲಿನ ಬಿಪಿ ಕೈಗಿಂತ ಕಡಿಮೆ ಇದ್ದರೆ ಹುಟ್ಟಿನಿಂದಲೇ ಮಹಾಪಧಮನಿ ಕಿರಿದಾಗಿರುವ ಇನ್ನೊಂದು ಕಾಯಿಲೆಯೂ ಇರಬಹುದು. ಎರಡು ಕೈಗಳ ಮೇಲಿನ ಅಂಕಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸ ಪದೇ ಪದೇ ಬಂದರೆ ಬರೆದಿಟ್ಟು ತೋರಿಸಿ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಬದಲಿಸಲೂ ಬೇಡಿ. ಎರಡೂ ಕಿಡ್ನಿಯ ನಾಳ ಕಿರಿದಾಗಿದ್ದರೆ ಕೆಲವು ಬಿಪಿ ಮಾತ್ರೆಗಳೇ ಕಿಡ್ನಿಗೆ ಪೆಟ್ಟು ಕೊಡುತ್ತವೆ, ಅದನ್ನು ಡಾಕ್ಟರ್ ನೋಡಿ ನಿರ್ಧರಿಸಲಿ.

ಇನ್ನೊಂದು ಮಾತು, ಊರು ಬದಲಿಸುತ್ತಲೇ ಇರುವ ನಮ್ಮಂಥವರಿಗೆ. ಸ್ಕ್ಯಾನ್ ಆದ ಮೇಲೆ ಎರಡು ಹಾಳೆಯ ರಿಪೋರ್ಟ್ ಅಷ್ಟೇ ತರಬೇಡಿ, ಚಿತ್ರಗಳಿರುವ ಸಿಡಿ ಅಥವಾ ಪೆನ್ ಡ್ರೈವ್ ಕೇಳಿ ಪಡೆಯಿರಿ. ಈ ಹುಡುಗಿ ಮದುವೆಯಾಗಿ ಹೈದರಾಬಾದಿಗೆ ಹೋದಾಗ ಹಳೆಯ ಚಿತ್ರಗಳನ್ನೆಲ್ಲ ಜೊತೆಗೆ ಒಯ್ದಳು. ಅಲ್ಲಿನ ಡಾಕ್ಟರ್ ಹೊಸ ಎಂಆರ್‌ಐ ಪಕ್ಕದಲ್ಲಿ ಅವನ್ನಿಟ್ಟು ನೋಡಿ ನನಗೆ ಫೋನ್ ಮಾಡಿದರು: ನಾಳ ತೆರೆದೇ ಇದೆ, ಮಗು ಬೇಕು ಎನ್ನುತ್ತಿದ್ದಾಳೆ, ಮೆಥೋಟ್ರೆಕ್ಸೇಟ್ ನಿಲ್ಲಿಸಿ ಬೇರೆ ಔಷಧಿಗೆ ಬದಲಿಸುತ್ತೇವೆ ಎಂದು.