ಮೀಟರ್ ಹಿಡೀದೆ ಬ್ಯಾಟರಿ ಬದಲಾಯಿಸಬೇಡಿ

ಬೈಕು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಸಾಕು, ಮೀಟರ್ ಇಟ್ಟೂ ನೋಡದೆ "ಬ್ಯಾಟರಿ ಹೋಗಿದೆ" ಅಂತ ಹೊಸದು ತಗಲಿಸೋ ಗ್ಯಾರೇಜಿನವರ ಚಾಳಿಗೆ ನಾವೇ ತಲೆಯಾಡಿಸ್ತಿದ್ದೀವಿ. ಗೊಬ್ಬರಕ್ಕೆ ಇಟ್ಟ ದುಡ್ಡು ರೀ ಅದು!

ಸೆಲ್ಫ್ ಒತ್ತಿದಾಗ ಟಕಟಕ ಅಂದ್ರೆ ಕರೆಂಟ್ ಸಾಲ್ತಿಲ್ಲ ಅಂತ, ಬ್ಯಾಟರಿ ಸತ್ತಿದೆ ಅಂತಲೇ ಅಲ್ಲ. ಟರ್ಮಿನಲ್‌ಗೆ ಬಿಳಿ ಪುಡಿ ಕಟ್ಟಿದ್ರೂ, ಅರ್ತಿಂಗ್ ಬೋಲ್ಟ್ ಸಡಿಲಾದ್ರೂ ಹಂಗೇ ಆಗುತ್ತೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಸದ್ದೂ ಇಲ್ಲ, ಲೈಟೂ ಇಲ್ಲ ಅಂದ್ರೆ ಮೊದ್ಲು ಫ್ಯೂಸ್ ನೋಡಿ. ಕೊಟ್ಟಿಗೇಲಿ ನಿಲ್ಲಿಸೋರು ಸೀಟು ತೆಗೆದು ವೈರನ್ನ ಇಲಿ ಕಡಿದಿದೆಯಾ ಅಂತಲೂ ನೋಡಿ.

ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚೋ ನಮಗೆ ಇದೇನು ಬ್ರಹ್ಮವಿದ್ಯೆನಾ? ಚಾರ್ಜ್ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡ್ತಿರುವಾಗ, ಸ್ವಲ್ಪ ರೇಸ್ ಕೊಟ್ಟರೂ 14ರ ಹತ್ತಿರಕ್ಕೆ ಏರದಿದ್ರೆ ದೋಷ ಚಾರ್ಜಿಂಗಿಂದು. ಆಗ ಹೊಸ ಬ್ಯಾಟರಿ ಹಾಕಿದ್ರೂ ಅದೂ ಇಳಿದೇ ಇಳಿಯುತ್ತೆ.