ಬಗ್ಗಡದ ಲೆಕ್ಕವನ್ನೂ ಕೇಳೋಣ

ಉರಿದಾಗ ಇಂಗಾಲದ ಹೊಗೆಯ ಬದಲು ನೀರಾವಿಯನ್ನು ಬಿಡುವ ಇಂಧನ ಜಲಜನಕ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು 19,744 ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆಯಿತ್ತಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಜೈವಿಕ ವಸ್ತುಗಳಿಂದ ಪಡೆದ ಜಲಜನಕವನ್ನೂ 'ಹಸಿರು' ಎಂದು ಪರಿಗಣಿಸಲು ಮಾನದಂಡ ರೂಪಿಸಲಾಯಿತು. ಸಗಣಿ, ಕಾಫಿ ಪಲ್ಪಿಂಗ್ ನೀರು ಮುಂತಾಗಿ ಮಲೆನಾಡಿನಲ್ಲಿ ಹೇರಳವಾಗಿರುವುದೆಲ್ಲ ನಾಳೆ ಈ ಉದ್ಯಮದ ಕಚ್ಚಾವಸ್ತುವಾಗಬಹುದು.

ಗೋಬರ್ ಗ್ಯಾಸ್ ಗುಂಡಿಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೇನಲ್ಲ. ಅಲ್ಲಿಯೂ ಮೊದಲು ಜಲಜನಕ ಹುಟ್ಟುತ್ತದೆ. ಮಿಥೇನ್ ತಯಾರಿಸುವ ಸೂಕ್ಷ್ಮಜೀವಿಗಳು ಅದನ್ನು ಕೂಡಲೇ ತಿಂದು ಮುಗಿಸುತ್ತವೆ. ಬಗ್ಗಡವನ್ನು ಕಾಯಿಸಿ ಅವುಗಳನ್ನು ಕೊಂದರೆ, ಶಾಖಕ್ಕೆ ಜಗ್ಗದೆ ಬೀಜಾಣುಗಳಾಗಿ ಉಳಿಯುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳು ಜಲಜನಕವನ್ನು ನಮಗೆ ಬಿಟ್ಟುಕೊಡುತ್ತವೆ. ಈ ಕೆಲಸ ಮಾಡುವ ಹೈಡ್ರೋಜಿನೇಸ್ ಕಿಣ್ವದ ಒಡಲಲ್ಲಿ ಕಬ್ಬಿಣವಿದೆ, ಕೆಲವು ಬಗೆಗಳಲ್ಲಿ ನಿಕಲ್ ಕೂಡ. ಆದ್ದರಿಂದಲೇ ಈ ಲೋಹಗಳ ನ್ಯಾನೋಕಣಗಳನ್ನು, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗವನ್ನು ಅಳತೆಗೋಲಾಗಿಟ್ಟು ಎಣಿಸಬೇಕಾದ ಕಣಗಳನ್ನು ಬೆರೆಸಿದಾಗ ಇಳುವರಿ ಹೆಚ್ಚಿದ್ದನ್ನು ಅನೇಕ ಪ್ರಯೋಗಾಲಯಗಳು ಕಂಡಿವೆ. ಪ್ರಮಾಣ ಮಿತಿಮೀರಿದರೆ ಅದೇ ಲೋಹ ಅದೇ ಜೀವಿಗೆ ವಿಷವಾಗುವುದನ್ನೂ ಕಂಡಿವೆ.

ಈ ಸಂಶೋಧನೆಗೆ ನಮ್ಮ ವಿರೋಧವಿಲ್ಲ. ಆದರೆ 'ಹೆಚ್ಚು ಇಳುವರಿ' ಎಂಬುದಕ್ಕೊಂದು ಗಡಿಯಿದೆ. ಗ್ಲೂಕೋಸಿನ ಒಂದು ಅಣುವಿನಿಂದ 12 ಅಣು ಜಲಜನಕ ದೊರೆಯುವುದು ತಾತ್ತ್ವಿಕವಾಗಿ ಸಾಧ್ಯ. ಹುದುಗುವಿಕೆಯ ದಾರಿಯಲ್ಲಿ ಹೆಚ್ಚೆಂದರೆ 4. ನ್ಯಾನೋಕಣವು ಈ ಗಡಿಯ ಹತ್ತಿರಕ್ಕೆ ಒಯ್ಯಬಹುದೇ ಹೊರತು ದಾಟಿಸಲಾರದು. ಉಳಿದ ಸತ್ವದ ಬಹುಪಾಲು ಆಮ್ಲಗಳ ರೂಪದಲ್ಲಿ ಬಗ್ಗಡದಲ್ಲೇ ನಿಲ್ಲುತ್ತದೆ, ಬೆರೆಸಿದ ಲೋಹದ ಜೊತೆಗೆ.

ಆ ಬಗ್ಗಡ ಹೋಗುವುದೆಲ್ಲಿಗೆ? ನಮ್ಮಲ್ಲಿ ಸ್ಲರಿಯೆಂದರೆ ಅಡಿಕೆ ಮರದ ಬುಡಕ್ಕೆ. ಅಲ್ಲಿಂದ ಮಳೆಗಾಲದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಶರಾವತಿಗೋ. ಕಬ್ಬಿಣ ನಮ್ಮ ಕೆಂಪು ಮಣ್ಣಿಗೆ ಹೊಸತಲ್ಲ. ನಿಕಲ್ ವಿಚಾರ ಬೇರೆ. ಹೊರಗಿನಿಂದ ಸುರಿದದ್ದು ಕೊಳೆತು ಹೋಗದೆ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಸೇರುತ್ತ ಬರುತ್ತದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಇಳುವರಿಯ ಲೆಕ್ಕವೊಂದನ್ನೇ ನೋಡಲಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ಕಾಸರಗೋಡು, ದಕ್ಷಿಣ ಕನ್ನಡದ ಮನೆಗಳು ತೆತ್ತದ್ದೇನೆಂದು ಓದುಗರು ಬಲ್ಲರು.

ಆದ್ದರಿಂದ ಇಂಥ ಘಟಕವೊಂದು ಪಂಚಾಯತಿಯ ಒಪ್ಪಿಗೆ ಕೇಳಿ ಬಂದ ದಿನವೇ ಗ್ರಾಮಸಭೆ ವಿಚಾರಿಸಬೇಕು: ಬೆರೆಸುವುದು ಯಾವ ಲೋಹ, ಅದರಲ್ಲಿ ಮರಳಿ ತೆಗೆಯುವುದೆಷ್ಟು? ಕಬ್ಬಿಣದ ಆಕ್ಸೈಡಿನ ಕೆಲವು ಬಗೆಯ ಕಣಗಳನ್ನು ಅಯಸ್ಕಾಂತದಿಂದ ಸೆಳೆದು ಮರುಬಳಸಲು ಸಾಧ್ಯವಿದೆ. ಹಾಗಿರುವಾಗ, ಲೋಹಾಂಶದ ಪರೀಕ್ಷಾ ವರದಿಯಿಲ್ಲದ ಸ್ಲರಿಯ ಒಂದು ಟ್ಯಾಂಕರೂ ತೋಟಕ್ಕೆ ಇಳಿಯಕೂಡದು.