ಅರಸನ ಗುಣ, ಪ್ರಜೆಯ ಎಚ್ಚರ

ಒಳ್ಳೆಯ ಅರಸನಿದ್ದರೆ ಚುನಾವಣೆಯ ಗೊಡವೆ ಏಕೆಂದು ಹಿರಿಯರಲ್ಲಿ ಕೆಲವರು ಕೇಳುವುದುಂಟು. ಈ ಪ್ರಶ್ನೆಯನ್ನು ನಾವು ಸುಲಭವಾಗಿ ತಳ್ಳಿಹಾಕಲಾಗದು. 1902ರಿಂದ 1940ರವರೆಗೆ ಮೈಸೂರನ್ನಾಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ ಕನ್ನಂಬಾಡಿ ಕಟ್ಟೆ ಎದ್ದಿತು. 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೂರದೃಷ್ಟಿಯುಳ್ಳವರ ಕೈಯಲ್ಲಿ ಅಧಿಕಾರವಿದ್ದಾಗ ಕಾರ್ಯಗಳು ಬೇಗನೆ ಕೈಗೂಡುತ್ತವೆ.

ಆದರೆ ಅದೇ ಸಂಸ್ಥಾನದಲ್ಲಿ 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೆ ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತೇ ಹೊರತು ದಿವಾನರನ್ನು ಇಳಿಸುವ ಅಧಿಕಾರವಿರಲಿಲ್ಲ. 1938ರಲ್ಲಿ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿದಾಗಲೂ ಆಡಳಿತವನ್ನು ಬದಲಿಸುವ ಮಾರ್ಗ ಪ್ರಜೆಗಳಿಗಿರಲಿಲ್ಲ. ಜವಾಬ್ದಾರಿ ಸರ್ಕಾರ ದೊರೆತದ್ದು 1947ರ ಚಳವಳಿಯ ಬಳಿಕವೇ.

ಪ್ರಜಾಪ್ರಭುತ್ವವೂ ದೋಷಮುಕ್ತವಲ್ಲ. ನಮ್ಮ ಸಂಸದೀಯ ಪದ್ಧತಿಯಲ್ಲಿ ಸರ್ಕಾರದ ಆಯುಷ್ಯ ಅನಿಶ್ಚಿತ. 1999ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದೇ ಮತದಿಂದ ಉರುಳಿತು. ಅಮೆರಿಕದ ಅಧ್ಯಕ್ಷ ಪದ್ಧತಿಯಲ್ಲಿ ನಾಲ್ಕು ವರ್ಷಗಳ ಸ್ಥಿರತೆಯುಂಟು. ಆದರೆ ಅಯೋಗ್ಯರಾದವರನ್ನು ಅವಧಿಗೆ ಮುನ್ನ ಇಳಿಸುವುದು ಬಹು ಕಷ್ಟ. 1975ರಲ್ಲಿ ನಮ್ಮಲ್ಲಿ ತುರ್ತು ಪರಿಸ್ಥಿತಿಯನ್ನು ಹೇರಿ ನಾಗರಿಕರ ಹಕ್ಕುಗಳನ್ನು ಕಸಿಯಲಾಯಿತು. ಆದರೂ 1977ರಲ್ಲಿ ಸಾಮಾನ್ಯ ಮತದಾರರು ರಕ್ತಪಾತವಿಲ್ಲದೆ, ಮತಪೆಟ್ಟಿಗೆಯ ಮೂಲಕವೇ ಆ ಸರ್ಕಾರವನ್ನು ಇಳಿಸಿದರು.

ಅರಸೊತ್ತಿಗೆಯ ಒಳಿತು ಅರಸನ ಗುಣವನ್ನು ಅವಲಂಬಿಸಿದರೆ, ಪ್ರಜಾಪ್ರಭುತ್ವದ ಒಳಿತು ನಮ್ಮೆಲ್ಲರ ಎಚ್ಚರವನ್ನು ಅವಲಂಬಿಸಿದೆ. ತಪ್ಪನ್ನು ತಿದ್ದುವ ಹಕ್ಕು ನಮ್ಮ ಕೈಯಲ್ಲಿದೆ. ಹಣಕ್ಕೋ ಹೆಂಡಕ್ಕೋ ಜಾತಿಯ ಮೋಹಕ್ಕೋ ಅದನ್ನು ಒಪ್ಪಿಸಿದ ಬಳಿಕ ಆಳುವವರನ್ನು ದೂರುವುದರಲ್ಲಿ ಅರ್ಥವಿಲ್ಲ. ಈ ಮಾತನ್ನು ಪ್ರತಿ ಮನೆಯಲ್ಲಿಯೂ ಹಿರಿಯರು ಮೊದಲ ಬಾರಿ ಮತ ಹಾಕಲಿರುವ ಮಕ್ಕಳಿಗೆ ತಿಳಿಹೇಳಬೇಕು. ತಾವೂ ಹಾಗೆಯೇ ನಡೆದು ತೋರಬೇಕು.